ಹನ್ನೆರಡು ಕಿಲೋ ಹಿಟ್ಟು ಮತ್ತು ನನ್ನ ನಾಯಕತ್ವ

ಈ ವರ್ಷ ನಾಯಕನಾಗಿಯೇ ತೀರುತ್ತೇನೆ ಎಂದು ಯುಗಾದಿಯ ದಿನ ಬೇವುಬೆಲ್ಲ ಬಾಯಲ್ಲಿಟ್ಟುಕೊಂಡೇ ಘೋಷಿಸಿಬಿಟ್ಟೆ. ತೆಲಂಗಾಣದ ರಾಜಧಾನಿಯ ನಾಚಾರಂ ಬಡಾವಣೆಯ ಪ್ಲಾಸ್ಟಿಕ್ ಮುಚ್ಚಳದ ಕಾರ್ಖಾನೆಯಲ್ಲಿ ನಾನು, ಅಂದರೆ ಗುರುರಾಜ, ಸ್ಟೋರ್ ಇನ್‌ಚಾರ್ಜ್. ನನ್ನ ಕೈಕೆಳಗೆ ಇಬ್ಬರಿದ್ದಾರೆ. ಒಬ್ಬ ಸದಾ ರಜೆಯಲ್ಲಿರುತ್ತಾನೆ, ಇನ್ನೊಬ್ಬ ಅವನನ್ನು ಹುಡುಕಲು ಹೋಗಿರುತ್ತಾನೆ. ಇಂಥ ಸಾಮ್ರಾಜ್ಯ ಆಳುವವನಿಗೆ ವಿದ್ಯೆ ಬೇಡವೇ! ಹಿಮಾಯತ್‌ನಗರದ ಮನೆಯಿಂದ ಕಾರ್ಖಾನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಷ್ಟನ್ನೂ ವ್ಯವಹಾರ ಮತ್ತು ನಾಯಕತ್ವದ ಪಾಡ್‌ಕಾಸ್ಟ್‌ಗಳಿಗೆ ಧಾರೆ ಎರೆದೆ.

ಕೇಳಲು ಯೋಗ್ಯವಾದವು ಯಾವುವು ಎಂದು ಯಾರಾದರೂ ವಿಚಾರಿಸಲಿ ಎಂದು ಕಾಯುತ್ತಿದ್ದೆ. ಯಾರೂ ವಿಚಾರಿಸಲಿಲ್ಲ, ಹಾಗಾಗಿ ನಾನೇ ಹೇಳತೊಡಗಿದೆ. ಒಂದರಲ್ಲಿ ಇಬ್ಬರು ಗೆಳೆಯರು ಮೊದಲ ಹತ್ತು ನಿಮಿಷ ಬರೀ ನಗುತ್ತಾರೆ, ಹತ್ತೂ ನಿಮಿಷ ಬಿಟ್ಟುಬಿಡಿ. ಇನ್ನೊಂದರವನು ಬೆಳಗಿನ ನಾಲ್ಕಕ್ಕೆ ಏಳುತ್ತಾನೆ, ಎದ್ದದ್ದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಮೂರನೆಯದರ ಮನುಷ್ಯನದು ಗಡಸು ಗಂಟಲು, ಪ್ರತಿ ಮಾತಿಗೂ ಮೊದಲು "ನೆನಪಿಡಿ" ಎನ್ನುತ್ತಾನೆ. ಅವನೇ ನನ್ನ ಗುರು. ಒಂದೂವರೆ ಪಟ್ಟು ವೇಗದಲ್ಲಿ ಕೇಳಿ ಮೂರೇ ತಿಂಗಳಲ್ಲಿ ನೂರಾ ಹನ್ನೆರಡು ಕಂತು ಮುಗಿಸಿದೆ. ಆಮೇಲೆ ಸಾಮಾನ್ಯ ಮನುಷ್ಯರ ಮಾತೆಲ್ಲ ಎಳೆದೆಳೆದು ಆಡಿದಂತೆ ಕೇಳತೊಡಗಿತು. ಹೆಂಡತಿ ನಲಿನಿಗೆ ಅದನ್ನು ಹೇಳಿಯೂಬಿಟ್ಟೆ. ಅವತ್ತು ರಾತ್ರಿಯ ಊಟವನ್ನೂ ಅವಳು ಎಳೆದೆಳೆದೇ ಬಡಿಸಿದಳು.

ನಿಜವಾದ ವ್ಯವಹಾರ ನಡೆಸುವವಳು ಅವಳೇ. ಎರಡು ವರ್ಷದಿಂದ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಸಹಾಯಕ್ಕೆ ಕಲಬುರಗಿ ಕಡೆಯ ಶರಣಮ್ಮ ಬರುತ್ತಾಳೆ. ಅಲ್ಲಿ ನನ್ನ ಪಾತ್ರ ಒಂದೇ, ಕೊತ್ತಂಬರಿ ತರುವುದು. ಇತ್ತ ಒಲೆಯ ಮೇಲೆ ಹಿಟ್ಟು ನಾದಲು ಇಟ್ಟ ಎಸರು ಕುದಿಯತೊಡಗಿದರೆ ಸಾಕು, "ರೀ, ಒಂದು ಕಟ್ಟು ಕೊತ್ತಂಬರಿ ತರ್ರಿ" ಎಂಬ ಅಪ್ಪಣೆ ಹೊರಡುತ್ತಿತ್ತು. ರೊಟ್ಟಿಗೂ ಕೊತ್ತಂಬರಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಸರಕು ಪೂರೈಕೆ ಎಂಬುದು ನಾಯಕನ ಮೊದಲ ಹೊಣೆ! ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ ಬೇರೆ ಯಾವ ಕಾಯಿಪಲ್ಲೆಗೂ ಜಾಗವಿರಲಿಲ್ಲ. ತಳ್ಳುಗಾಡಿಯವನು ಒಮ್ಮೆ "ಬಕ್ರಿ ಪಾಲ್ ರಹೇ ಕ್ಯಾ ಸಾಬ್?" ಎಂದ. ಮನೆಯಲ್ಲಿ ಆಡು ಸಾಕಿಲ್ಲವಪ್ಪ ಎಂದು ನಾನು ಗಂಭೀರವಾಗಿಯೇ ಉತ್ತರಿಸಿದೆ.

ಹೀಗಿರುವಾಗ ನಲಿನಿಗೆ ದೊಡ್ಡ ಆರ್ಡರ್ ಬಂತು. ನಮ್ಮ ಮನೆಯಿಂದ ಒಂದೂವರೆ ಗಂಟೆ ದೂರದ ಲಿಂಗಂಪಲ್ಲಿಯ ಕಡೆ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರು ಒಂದು ಬಳಗ ಕಟ್ಟಿದ್ದಾರೆ. ಅದರ ಕಾರ್ಯದರ್ಶಿ ಮೈಸೂರಿನ ಹರ್ಷದಾ. ಭಾನುವಾರ ಮಧ್ಯಾಹ್ನದ ಊಟಕ್ಕೆ ಇನ್ನೂರು ರೊಟ್ಟಿ ಬೇಕು, ಎಲ್ಲರಿಗೂ ಹಿಡಿಸಿದರೆ ಇನ್ನು ಪ್ರತಿ ತಿಂಗಳೂ ನಿಮಗೇ ಎಂದಿದ್ದಳು. ನಲಿನಿ ಇಂಥದ್ದಕ್ಕಾಗಿ ಎರಡು ವರ್ಷ ಕಾದಿದ್ದಳು. ಶನಿವಾರವೇ ಹನ್ನೆರಡು ಕಿಲೋ ಜೋಳ ಬೀಸಿಸಿ ತಂದು, ಹಿಟ್ಟಿನ ಡಬ್ಬಕ್ಕೆ ಅರಿಷಿಣ ಕುಂಕುಮ ಹಚ್ಚಿದಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಅವಳು ಇನ್ನೆರಡು ಹಂಚು ತರಲು ಸೋದರತ್ತೆಯ ಮನೆಗೆ ಹೊರಟಳು. ಹೋಗುವಾಗ, "ನಾ ಬರೂತನಾ ಏನೂ ಮುಟ್ಟಬ್ಯಾಡ್ರಿ" ಎಂದಳು. ಗಡಿಬಿಡಿಯಲ್ಲಿ ಅವತ್ತು ಕೊತ್ತಂಬರಿಯ ಮಾತು ಮರೆತಳು.

ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಗುರು ಗುಡುಗಿದ. ನೆನಪಿಡಿ, ಒಂದೇ ಥರದ ಕೆಲಸವನ್ನು ಒಂದೇ ಸಲಕ್ಕೆ ಮುಗಿಸುವವನೇ ಜಾಣ! ನಾನು ಅಡುಗೆಮನೆಯತ್ತ ನೋಡಿದೆ. ಈ ಹೆಂಗಸರು ಪ್ರತಿ ನಾಲ್ಕು ರೊಟ್ಟಿಗೊಮ್ಮೆ ಒಂದಿಷ್ಟು ಹಿಟ್ಟು ತೆಗೆದುಕೊಂಡು, ಎಸರು ಹಾಕಿ, ನಾದಿ, ಮತ್ತೆ ತೆಗೆದುಕೊಂಡು... ಎಂಥ ಕಾಲಹರಣ! ಹೆಂಡತಿ ಬರುವಷ್ಟರಲ್ಲಿ ಹಿಟ್ಟೆಲ್ಲ ನಾದಿಟ್ಟರೆ ಬಡಿಯುವುದೊಂದೇ ಬಾಕಿ. ಅವಳ ಮುಖ ಅರಳುವುದು ನನಗೆ ಆಗಲೇ ಕಾಣಿಸಿತು.

ರೊಟ್ಟಿಯ ಜೊತೆ ಕೊಡಲು ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಶರಣಮ್ಮ ಗಾಬರಿಯಾದಳು. "ಬ್ಯಾಡ್ರಿ ಸಾಹೇಬ್ರ. ಜ್ವಾಳದ ಹಿಟ್ಟು ನಾದಿ ಇಟ್ರ ಜಿಗಿ ಹೊಕ್ಕೈತ್ರಿ, ಬಡಿದ್ರ ಹರೀತೈತ್ರಿ. ಅಕ್ಕಾರು ಬರ್ಲಿ."

ಬದಲಾವಣೆಗೆ ನೌಕರರ ವಿರೋಧ! ಅರವತ್ತೆಂಟನೇ ಕಂತಿನಲ್ಲಿ ಗುರು ಇದರ ಬಗ್ಗೆಯೇ ಹೇಳಿದ್ದ. ಇಂಥ ಹೊತ್ತಿನಲ್ಲಿ ನಾಯಕ ನಗಬೇಕಂತೆ. ನಾನು ನಕ್ಕೆ. ಮದುವೆಯಲ್ಲಿ ಬಂದ ದೊಡ್ಡ ಪರಾತ, ಎರಡು ಬೋಗಾಣಿ, ಮತ್ತೊಂದು ಸ್ಟೀಲಿನ ಬುಟ್ಟಿ ಇಳಿಸಿ ಹನ್ನೆರಡೂ ಕಿಲೋ ಹಿಟ್ಟು ಸುರಿದೆ. ಎಸರು ಸುರಿದೆ. ಕೈ ಸುಟ್ಟಿತು, ಬಿಡಲಿಲ್ಲ. ಬೆವರು ಸುರಿಯಿತು, ಒರೆಸಿಕೊಳ್ಳುತ್ತ ನಾದಿದೆ. ಒಂದು ಗಂಟೆಯ ನಂತರ ಮೀಸೆಗೂ ಹಿಟ್ಟು ಮೆತ್ತಿಕೊಂಡು ವಿಜಯದ ನಗೆಯಿಂದ ಕೂತಿದ್ದೆ. ಡಬ್ಬದಲ್ಲಿ ಒಂದು ಹಿಡಿ ಹಿಟ್ಟೂ ಉಳಿಸಿರಲಿಲ್ಲ.

ದಾರಿಯಲ್ಲಿ ಆಟೋ ಕೆಟ್ಟು ನಲಿನಿ ಬಂದಾಗ ಎಂಟೂಮುಕ್ಕಾಲು. ಹಂಚುಗಳನ್ನು ಕೆಳಗಿಟ್ಟು ಪರಾತದತ್ತ ನೋಡಿದಳು. ಬೆರಳಿನಿಂದ ಹಿಟ್ಟು ಒತ್ತಿದಳು. ಒಂದು ಉಂಡೆ ತೆಗೆದು ಬಡಿದಳು. ನಾಲ್ಕೇ ಏಟಿಗೆ ರೊಟ್ಟಿ ಅಂಚಿನಿಂದ ಸೀಳುತ್ತ ಬಂತು, ತೆಲಂಗಾಣದ ಮೂವತ್ತಮೂರು ಜಿಲ್ಲೆಗಳೂ ಬೇರೆ ಬೇರೆಯಾಗಿ ನನ್ನ ಕಣ್ಣೆದುರೇ ಬಿದ್ದವು. ಎರಡನೆಯದೂ ಹಾಗೇ. ಮೂರನೆಯದನ್ನು ಅವಳು ಬಡಿಯಲೇ ಇಲ್ಲ.

ಗಿರಣಿ ತೆರೆಯುವುದು ಹತ್ತಕ್ಕೆ. ನಾವು ಲಿಂಗಂಪಲ್ಲಿಗೆ ಹೊರಡಬೇಕಾದದ್ದು ಹತ್ತೂವರೆಗೆ. ನೂರಾ ಹನ್ನೆರಡು ಕಂತುಗಳಲ್ಲಿ ಒಂದರಲ್ಲೂ ಇದಕ್ಕೆ ಉಪಾಯವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅವಳು ಬೈಯಲಿಲ್ಲ. ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಅಷ್ಟೆ. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಆಮೇಲೆ ಅವಳು ಶರಣಮ್ಮನಿಗೆ, "ಉಳ್ಳಾಗಡ್ಡಿ ಎಷ್ಟು ಹೆಚ್ಚೀ?" ಎಂದಳು. ನಾಲ್ಕು ಕಿಲೋ ಎಂದಳು ಶರಣಮ್ಮ. ಕಡ್ಲಿಹಿಟ್ಟು, ಗೋದಿಹಿಟ್ಟು ಎಷ್ಟಿದೆ ಎಂದು ಡಬ್ಬಿ ಅಲ್ಲಾಡಿಸಿ ನೋಡಿದಳು. ಕೊನೆಗೆ ಫ್ರಿಜ್ಜು ತೆರೆದಳು. ಹದಿನಾಲ್ಕು ಕಟ್ಟು ಕೊತ್ತಂಬರಿ ಹೊರಗೆ ಬಂತು! ಜಿಗಿ ಹೋದ ಹಿಟ್ಟಿಗೆ ಇವನ್ನೆಲ್ಲ ಕಲಸಲು ಶರಣಮ್ಮನಿಗೆ ಹೇಳಿ, ಫೋನ್ ತೆಗೆದು ಹರ್ಷದಾಗೆ, "ರೊಟ್ಟಿ ಇಲ್ಲವ್ವಾ, ಇವತ್ತ ತಾಲಿಪಟ್ಟು. ಅಲ್ಲೇ ಬಂದು ಬಿಸಿಬಿಸಿ ಹಾಕಿ ಕೊಡ್ತೀನಿ, ಒಲಿ ಮೂರು ತಯಾರಿಡು" ಎಂದಳು. ಎಲ್ಲ ಸೇರಿ ಐದು ನಿಮಿಷ. ಒಂದೂವರೆ ಪಟ್ಟು ವೇಗ ಎಂದರೆ ಅದು.

ಮಧ್ಯಾಹ್ನ ಲಿಂಗಂಪಲ್ಲಿಯ ಸಭಾಂಗಣದಲ್ಲಿ ಹಂಚಿನಿಂದ ಇಳಿದ ತಾಲಿಪಟ್ಟು ತಟ್ಟೆ ಮುಟ್ಟುವ ಮೊದಲೇ ಮಾಯವಾಗುತ್ತಿತ್ತು. ಬೆಣ್ಣೆ ಹಾಕುವ ಕೆಲಸ ನನ್ನದು, ಮೇಲ್ವಿಚಾರಣೆ ಶರಣಮ್ಮನದು. ಒಂದು ತಿಂಗಳು ರೊಟ್ಟಿ, ಒಂದು ತಿಂಗಳು ತಾಲಿಪಟ್ಟು ಎಂದು ಅಲ್ಲೇ ಮಾತಾಯಿತು. ಮನೆಗೆ ಬರುವಾಗ, ಕೊತ್ತಂಬರಿಯ ಪೂರೈಕೆ ಯಾರದು ಎಂಬುದನ್ನು ಮರೆಯಬೇಡ ಎಂದು ನಲಿನಿಗೆ ನೆನಪಿಸಿದೆ. ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಯಾಕೆಂದು ಆಗ ಗೊತ್ತಾಗಲಿಲ್ಲ.

ಹದಿನೈದು ದಿನಕ್ಕೆ ಹರ್ಷದಾಳ ಬಳಗ ತನ್ನದೇ ಪಾಡ್‌ಕಾಸ್ಟ್ ಶುರುಮಾಡಿತು. ಮೊದಲ ಅತಿಥಿ ಯಾರು? ನನ್ನ ಹೆಂಡತಿ! ನಾಚಾರಂ ಬಸ್ಸಿನಲ್ಲಿ ಕೂತು, ಜೀವನದಲ್ಲಿ ಮೊದಲ ಸಲ, ಸಹಜ ವೇಗದಲ್ಲಿ ಕೇಳಿದೆ. ಕೆಲಸದ ನಡುವೆ ಅಡ್ಡ ಬರುವವರನ್ನು ಹೇಗೆ ನಿಭಾಯಿಸುತ್ತೀರಿ ಎಂದು ಹರ್ಷದಾ ಕೇಳಿದಳು.

"ಮನಸ್ಸು ನೋಯಿಸಬಾರದು ನೋಡವ್ವಾ" ಎಂದಳು ನಲಿನಿ. "ಅವರಿಗೂ ಒಂದು ಕೆಲಸ ಕೊಡಬೇಕು, ಮನಿ ಹೊರಗಿಂದು. ನಮ್ಮ ಮನ್ಯಾಗ ಎಸರು ಕುದಿಯಾಕತ್ತಿತಂದ್ರ ನಾ ಇವರನ್ನ ಕೊತ್ತಂಬರಿ ತರಾಕ ಕಳಸ್ತೀನಿ. ಹಿಟ್ಟಿಗೆ ಕೈ ಹಾಕಬಾರದಲ್ಲ."

ನಾನು ಸೀಟಿನಿಂದ ಎದ್ದು ನಿಂತದ್ದು ಕಂಡು ಪಕ್ಕದಲ್ಲಿ ಕೂತವನು ಏನಾಯಿತು ಸಾರ್ ಎಂದು ತೆಲುಗಿನಲ್ಲಿ ಕೇಳಿದ. ಏನಿಲ್ಲ, ಕೇಳಲು ಯೋಗ್ಯವಾದ ಕಂತು ಎಂದೆ.

ಮರುದಿನ ರಜೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಎಸರು ಕುದಿಯುವ ಸದ್ದು ಕೇಳಿಸಿತು. ನಾನೇ ಎದ್ದು ಚೀಲ ತೆಗೆದುಕೊಂಡು ಬಾಗಿಲಲ್ಲಿ ನಿಂತೆ. ಎಷ್ಟು ಕಟ್ಟು ತರಲಿ ಎಂದು ಕೇಳಿದೆ.

"ಒಂದ ಸಾಕು" ಎಂದಳು ನಲಿನಿ. "ಆದ್ರ ಇವತ್ತ ಮುನ್ನೂರು ರೊಟ್ಟಿ ಅದಾವು. ಲಿಂಗಂಪಲ್ಲಿಯಿಂದ ತರ್ರಿ."