ಕಪ್ಪಾಗಲೊಲ್ಲದ ಕೋಟು

ಕೋಟು ಅಪ್ಪಟ ಕಪ್ಪು. ಫೋಟೋದಲ್ಲಿ ಮಾತ್ರ, ಕ್ಯಾಮೆರಾದ ಕಿತಾಪತಿಯಿಂದ, ಬದನೆಕಾಯಿಯ ನೇರಳೆ ಬಣ್ಣ! ಮಗುವಿನ ಬಟ್ಟೆ ಬದಲಿಸುವಾಗ, ನೀರು ಕಾಯಿಸುವಾಗ, ಕೊನೆಗೆ ಪಾತ್ರೆ ತಿಕ್ಕುವಾಗಲೂ ಅವಳ ಕಣ್ಣ ಮುಂದೆ ಅದೇ ಬದನೆಕಾಯಿ.

"ಫೋಟೋ ತಾನೇ? ನನಗೆ ಬಿಡಿ. ಊರೇ ಹೊಟ್ಟೆ ಉರ್ಕೊಳ್ಳೋ ಹಾಗೆ ತೆಗೀತೀನಿ," ಎಂದು, ಮಾರಲು ಹೊಲಿದ ಕೋಟಿನ ಫೋಟೋ ಕೇಳಿದ ಕೆಳಮನೆಯ ದರ್ಜಿ ಅಕ್ಕನಿಗೆ ಮಾತು ಕೊಟ್ಟವಳು ಅವಳೇ. ಮಗು ಹುಟ್ಟಿದ ಮೇಲೆ ಸಿಕ್ಕ ಮೊದಲ ಕೆಲಸ. ಚೆನ್ನಾಗಿ ಬಂದರೆ ಅಕ್ಕನ ಅಂಗಡಿಯ ಫೋಟೋಗಳೆಲ್ಲ ಇನ್ನು ಅವಳ ಪಾಲಿಗೆ. ನಾದಿನಿಗೆ ಕೋಟು ತೊಡಿಸಿ, ಗೋಡೆಗೆ ನಿಲ್ಲಿಸಿ ತೆಗೆದದ್ದೂ ಆಯಿತು. ಮಗು ಅತ್ತಿತೆಂದು ಸರಿಯಾಗಿ ನೋಡದೆ ಅಕ್ಕನಿಗೆ ಕಳಿಸಿದ್ದೂ ಆಯಿತು. ನೋಡಿದ್ದು ಆಮೇಲೆ. ಬದನೆಕಾಯಿ!

"ಒಂದು ಫೋನ್ ಮಾಡಿ ಹೇಳಿಬಿಡು," ಎಂದ ಗಂಡ.

"ಏನಂತ? ನಿಮ್ಮ ಕೋಟಿಗೆ ಬಣ್ಣ ಬಳಿದುಬಿಟ್ಟೆ ಅಂತಾನಾ? ಮೊದಲು ಸರಿ ಮಾಡ್ತೀನಿ, ಆಮೇಲೆ ಫೋನು!"

ಮಹಾಯುದ್ಧ ಆರಂಭವಾಯಿತು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮೌಸ್. ಚಿತ್ರದ ಕೆಂಪನ್ನು ಇಳಿಸಿದಳು. ಕೋಟು ಕಪ್ಪಾಯಿತು! ಜಯಭೇರಿ ಬಾರಿಸಬೇಕು, ಅಷ್ಟರಲ್ಲಿ ನಾದಿನಿ ಹೆಗಲ ಮೇಲಿಂದ ಇಣುಕಿದಳು.

"ಅತ್ತಿಗೆ, ನಾನ್ಯಾಕೆ ಪಾಚಿ ಕಟ್ಟಿದ ಹಾಗಿದ್ದೀನಿ?"

ಕೋಟಿನ ಕೆಂಪಿನ ಜೊತೆ ಹುಡುಗಿಯ ಕೆನ್ನೆಯ ಕೆಂಪೂ ಕೊಚ್ಚಿಹೋಗಿತ್ತು. ಕೆಂಪು ಏರಿಸಿದರೆ ನಾದಿನಿಗೆ ಜೀವ, ಕೋಟು ಬದನೆಕಾಯಿ. ಇಳಿಸಿದರೆ ಕೋಟು ಕಪ್ಪು, ನಾದಿನಿ ಕೆರೆಯ ಕಪ್ಪೆ!

ಸರಿ, ಕೋಟನ್ನಷ್ಟೇ ಗೆರೆ ಎಳೆದು ಬೇರೆ ಮಾಡಿ, ಅದರ ಬಣ್ಣವನ್ನೆಲ್ಲ ಹಿಂಡಿ ತೆಗೆದಳು. ಬೂದಿಯಂತಾಯಿತು. ಕಪ್ಪು ತುಂಬಿದಳು. ಇನ್ನಷ್ಟು ತುಂಬಿದಳು. ಮಗುವೂ ಕೀಬೋರ್ಡಿಗೆ ಗುದ್ದಿ ತನ್ನ ಕೈಲಾದದ್ದನ್ನು ಮಾಡಿತು.

ಗಂಡ ಬಗ್ಗಿ ನೋಡಿದ. "ಕಪ್ಪಂತೂ ಆಗಿದೆ. ಗುಂಡಿ ಎಲ್ಲಿ? ಜೇಬೆಲ್ಲಿ?"

"ಎಲ್ಲಾ ಇದೆ ರೀ, ಕತ್ತಲಲ್ಲಿದೆ!"

"ನನ್ನ ತಂಗಿ ಬಾವಿಗೆ ಬಿದ್ದು ತಲೆ ಮಾತ್ರ ಹೊರಗೆ ಹಾಕಿದ ಹಾಗಿದೆ ಕಣೇ."

ಅಳುವುದೋ ನಗುವುದೋ! ಮತ್ತೆ ಮೊದಲಿನಿಂದ ಶುರು. ಈ ಸಲ ತೀರಾ ಗಾಢವಾದ ಜಾಗಗಳ ಕೆಂಪನ್ನಷ್ಟೇ, ಚಿಟಿಕೆ ಚಿಟಿಕೆಯಾಗಿ ಇಳಿಸುತ್ತ ಹೋದಳು. ಕೋಟು ಕಪ್ಪಾಯಿತು, ಗುಂಡಿಗಳು ಮರಳಿದವು, ನಾದಿನಿ ಮನುಷ್ಯಳಾದಳು!

"ಇನ್ನಾದರೂ ಫೋನ್ ಮಾಡ್ತೀಯಾ, ತಾಯಿ?"

ಮಾಡಿದಳು. ಅಕ್ಕ "ಹಲೋ" ಎನ್ನುವ ಮೊದಲೇ ಒಂದೇ ಉಸಿರಿಗೆ ಒದರಿದಳು: "ಅಕ್ಕಾ, ಬೆಳಿಗ್ಗೆ ಕಳಿಸಿದ ಫೋಟೋ ಕೆಟ್ಟುಹೋಗಿದೆ, ಯಾರಿಗೂ ತೋರಿಸ್ಬೇಡಿ, ಈಗ ಕಪ್ಪಗೆ ಮಾಡಿದ್ದೀನಿ!"

"ಅಯ್ಯೋ, ಯಾಕೆ ಮಾಡ್ದೆ? ಬೆಳಗಿನ ಫೋಟೋನ ಆಗಲೇ ಗಿರಾಕಿಗಳಿಗೆಲ್ಲ ಕಳಿಸಿಯಾಯ್ತಲ್ಲೇ! ಕಪ್ಪು ಕೋಟನ್ನ ಇಷ್ಟು ದಿನ ಒಬ್ಬರೂ ತಿರುಗಿ ನೋಡಿರ್ಲಿಲ್ಲ. ಈಗ ಬೆಳಗಿಂದ ಫೋನೇ ಫೋನು, ಎಲ್ಲರಿಗೂ ಆ ನೇರಳೇನೇ ಬೇಕಂತೆ. ಹೊಲಿದುಕೊಡ್ತೀನಿ ಅಂತ ಒಪ್ಪಿಕೊಂಡೂಬಿಟ್ಟಿದ್ದೀನಿ. ಆ ಬಣ್ಣದ ಬಟ್ಟೆ ಎಲ್ಲಿ ಸಿಗತ್ತೆ, ಮೊದ್ಲು ಅದನ್ನ ಹೇಳು!"