ಡಬ್ಬಿಯೊಳಗಿನ ಸಾರು

ಸಂಜೆ ಆರು ಗಂಟೆಗೆ ಆಗುವ ಹಸಿವು ನಿಜವಾದ ಹಸಿವಲ್ಲ ಎಂದು ನಾನು ಬಹಳ ದಿನದಿಂದ ನಂಬಿಕೊಂಡು ಬಂದಿದ್ದೇನೆ. ಮಧ್ಯಾಹ್ನ ಉಂಡಿರುತ್ತೇವೆ, ರಾತ್ರಿ ಉಣ್ಣುವುದು ಇದ್ದೇ ಇರುತ್ತದೆ. ನಡುವೆ ಹೊಟ್ಟೆ ಕೇಳುವುದು ಅನ್ನವನ್ನಲ್ಲ, ಸಮಾಧಾನವನ್ನು. ದಿನವಿಡೀ ಕುರ್ಚಿಯಲ್ಲಿ ಕೂತು, ಮೇಲಿನವರಿಂದ ಬೈಸಿಕೊಂಡು, ಕೆಳಗಿನವರನ್ನು ಬೈಯಲು ಧೈರ್ಯ ಸಾಲದೆ ಎದ್ದು ಬಂದ ಮನುಷ್ಯನಿಗೆ ಯಾರಾದರೂ 'ಆಯ್ತು ಬಿಡಪ್ಪ, ಇವತ್ತಿಂದು ಮುಗೀತು' ಅನ್ನಬೇಕು. ಹಾಗೆ ಅನ್ನುವವರು ಯಾರೂ ಸಿಗದಿದ್ದರೆ ಬಿಸಿ ಮಿರ್ಚಿ ಭಜಿ ತಿನ್ನಬೇಕು. ನಾನಂತೂ ಇಪ್ಪತ್ತೆಂಟು ವರ್ಷದ ಗುಮಾಸ್ತಿಕೆಯನ್ನು ಮಿರ್ಚಿಯ ಮೇಲೆಯೇ ಸಾಗಿಸಿದವನು.

ನಮ್ಮ ಮನೆ ಸಿಂಧನೂರಿನಲ್ಲಿ. ಹೆಂಡತಿ ಸುಮಿತ್ರಾ ಜವಳಗೇರಾದ ಶಾಲೆಯಲ್ಲಿ ಶಿಕ್ಷಕಿ. ನನ್ನನ್ನು ಮಾತ್ರ ಲಿಂಗಸುಗೂರಿಗೆ ವರ್ಗ ಮಾಡಿದರು. ಮೊದಲ ಒಂದು ವರ್ಷ ದಿನಾ ಬಸ್ಸಿನಲ್ಲಿ ಓಡಾಡಿದೆ. ಸಂಜೆ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ, ಡ್ರೈವರ್ ಚಹಾಕ್ಕೆ ಇಳಿಯುತ್ತಾನೆ, ಕಿಟಕಿಯಿಂದ ಮಂಡಾಳು ಎನ್ನುವ ಮಂಡಕ್ಕಿಯ ಒಗ್ಗರಣೆ, ಮಿರ್ಚಿಯ ವಾಸನೆ ಒಳಗೆ ಹತ್ತುತ್ತದೆ. ವಾಸನೆ ಹತ್ತಿದ ಮೇಲೆ ನಾನು ಇಳಿಯುತ್ತೇನೆ. ಹೀಗೆ ಒಂದು ವರ್ಷ. ಕೊನೆಗೆ ಒಂದು ದಿನ ಎದೆ ಉರಿ ತಾಳಲಾರದೆ ಡಾಕ್ಟರ ಹತ್ತಿರ ಹೋದರೆ, ಅವರು ಹೊಟ್ಟೆ ಒತ್ತಿ ನೋಡಿ "ಕರದದ್ದು ಬಂದ್" ಎಂದರು. ಬೆನ್ನು ಒತ್ತಿ ನೋಡಿ "ಬಸ್ಸೂ ಬಂದ್" ಎಂದರು. ಒಂದೇ ಚೀಟಿಯಲ್ಲಿ ನನ್ನ ಇಡೀ ಜೀವನವನ್ನು ಬಂದ್ ಮಾಡಿ, ಊಟಕ್ಕೆ ಮುಂಚೆ ಒಂದು ಗುಳಿಗೆ ಬರೆದುಕೊಟ್ಟರು.

ಬಸ್ಸು ಬಂದಾದ ಮೇಲೆ ಲಿಂಗಸುಗೂರಿನಲ್ಲಿ ಕೋಣೆ ಹುಡುಕಬೇಕಾಯಿತು. ಬಾಡಿಗೆ ಮನೆ ಹುಡುಕುವುದು ನನ್ನಂಥವನಿಗೆ ಬರೀ ಕಾಲುನೋವಿನ ಕೆಲಸವಲ್ಲ. ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಊರು ಕೇಳುತ್ತಾರೆ, ಆಮೇಲೆ ಬಹಳ ನಯವಾಗಿ "ಊಟದ್ದು ಹೆಂಗ್ರಿ ನಿಮ್ದು?" ಎನ್ನುತ್ತಾರೆ. ಆ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಅದನ್ನು ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ, ಇಬ್ಬರಿಗೂ ಗೊತ್ತಾಗಿರುತ್ತದೆ. ಮರುದಿನ ಹೋದರೆ ಕೋಣೆ ಅವರ ಅಳಿಯನಿಗೆ ಬೇಕಾಗಿರುತ್ತದೆ. ಲಿಂಗಸುಗೂರಿನಲ್ಲಿ ಅಷ್ಟೊಂದು ಅಳಿಯಂದಿರು ಇದ್ದಾರೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಏಳನೆಯ ಮನೆ ನೀಲಮ್ಮನವರದು. ಮುಂದೆ ಮಗನ ಗೊಬ್ಬರದ ಅಂಗಡಿ, ಹಿಂದೆ ಅಂಗಳ, ಅಂಗಳದ ಆಚೆ ಒಂದು ಕೋಣೆ. ನೀಲಮ್ಮನವರಿಗೆ ಅರವತ್ತೈದರ ಮೇಲಾಗಿದೆ. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಒಂದು ಬಿಳಿ ಬೆಕ್ಕು. ನನ್ನ ಹೆಸರು ಕೇಳಿದರು, ಊರು ಕೇಳಿದರು. ನಾನು ಮೂರನೆಯ ಪ್ರಶ್ನೆಗೆ ಕಾಯುತ್ತ ನಿಂತೆ. ಅವರು ನನ್ನ ಮುಖ ನೋಡಿ, "ಭಾಳ ದಣದೀರಲ್ರಿ ಸಾಹೇಬ್ರ, ಕುಂದರ್ರಿ, ನೀರು ಕೊಡ್ತೀನಿ" ಎಂದರು. ನೀರು ಕುಡಿದು ಮುಗಿಸಿದ ಮೇಲೆ ಒಂದೇ ಮಾತು ಹೇಳಿದರು: "ಮನ್ಯಾಗ ತತ್ತಿನೂ ಬೇಯಿಸಂಗಿಲ್ರಿ. ಇದೊಂದು ಮಾತು ಉಳಿಸಿಕೊಡ್ರಿ." ನಾನು ಕೈ ಮುಗಿದು ಒಪ್ಪಿಕೊಂಡೆ. ಆ ಹೊತ್ತಿಗೆ ಅವರು ಅನ್ನವನ್ನೂ ಬೇಯಿಸಬೇಡಿ ಎಂದಿದ್ದರೂ ಒಪ್ಪುತ್ತಿದ್ದೆ.

ಹೀಗೆ ಮಿರ್ಚಿ ಇಲ್ಲದ, ಬಸ್ಸಿಲ್ಲದ, ಹೆಂಡತಿಯೂ ಇಲ್ಲದ ಸಂಜೆಗಳು ಶುರುವಾದವು. ಆರು ಗಂಟೆಗೆ ಕೋಣೆಗೆ ಬಂದು ಎರಡು ಮಾರಿ ಬಿಸ್ಕೀಟು ಚಹಾದಲ್ಲಿ ಅದ್ದಿ, ಅವು ಮುರಿದು ತಳ ಸೇರುವುದನ್ನು ನೋಡುತ್ತ ಕೂಡುವುದು. ನಮ್ಮ ಕಚೇರಿಯ ಅಟೆಂಡರ್ ಖಾಜಾಸಾಬ್ ಇದನ್ನು ನನ್ನ ಮುಖದ ಮೇಲೆ ಓದಿಕೊಂಡಿರಬೇಕು. ಅವನ ಭಾವಮೈದುನ ಸೌದಿಯಲ್ಲಿದ್ದಾನೆ, ಬಂದಾಗಲೆಲ್ಲ ಡಬ್ಬಿ ಡಬ್ಬಿ ಸಾಮಾನು ತರುತ್ತಾನೆ. ಒಂದು ದಿನ ಖಾಜಾಸಾಬ್ ನನ್ನ ಮೇಜಿನ ಮೇಲೆ ಒಂದು ಚಪ್ಪಟೆ ಡಬ್ಬಿ ಇಟ್ಟು, "ಸಾಹೇಬ್ರ, ಮಿರ್ಚಿ ಬಿಟ್ಟಾಗಿಂದ ಮುಖ ಇಷ್ಟಾ ಮಾಡ್ಕೊಂಡೀರಿ. ತಗೋರಿ, ಮಚ್ಲಿ. ಕರಿಯಂಗಿಲ್ಲ, ಹುರಿಯಂಗಿಲ್ಲ, ತೆಗಿಯೂದು ತಿನ್ನೂದು" ಎಂದ. ಸಾರ್ಡಿನ್ ಎಂದು ಆ ಮೀನಿನ ಹೆಸರು. ಮಂಗಳೂರು ಕಡೆಯವರು ಬೂತಾಯಿ ಎನ್ನುತ್ತಾರಂತೆ.

ಇಲ್ಲಿ ನನ್ನ ನೌಕರಿಯ ಬುದ್ಧಿ ಕೆಲಸ ಮಾಡಿತು. ನೀಲಮ್ಮನವರ ಷರತ್ತನ್ನು ಮನಸ್ಸಿನಲ್ಲೇ ತೆರೆದು ಎರಡು ಸಲ ಓದಿದೆ. 'ಬೇಯಿಸುವಂತಿಲ್ಲ' ಎಂದಿದೆ. ಸದರಿ ಮೀನು ಎಲ್ಲೋ ಸಮುದ್ರದ ಆಚೆ ಬೆಂದು ಬಂದಿದೆ. ಸದರಿ ಕೋಣೆಯಲ್ಲಿ ನಡೆಯುವುದು ಕೇವಲ ತೆರೆಯುವ ಕ್ರಿಯೆ. ತೆರೆಯುವುದರ ಬಗ್ಗೆ ಷರತ್ತಿನಲ್ಲಿ ಪ್ರಸ್ತಾಪವಿಲ್ಲ. ಇಂಥ ಟಿಪ್ಪಣಿ ಬರೆದು ನಾನು ಎಷ್ಟೋ ಜನರ ಕೆಲಸ ತಡೆದಿದ್ದೇನೆ. ನನ್ನ ಸ್ವಂತ ಉಪಯೋಗಕ್ಕೆ ಅದು ಬಂದದ್ದು ಅವತ್ತೇ ಮೊದಲು.

ಬಾಗಿಲು ಹಾಕಿಕೊಂಡು ಡಬ್ಬಿಯ ಉಂಗುರ ಎಳೆದರೆ ಉಂಗುರ ಕೈಗೆ ಬಂತು, ಮುಚ್ಚಳ ಅಲ್ಲೇ ಉಳಿಯಿತು. ಚೀಲದಲ್ಲಿ ಕಡತ ಹೊಲಿಯುವ ದಬ್ಬಣ ಇತ್ತು. ಅದನ್ನಿಟ್ಟು ಮೇಲೆ ಕಲ್ಲಿನಿಂದ ಕುಟ್ಟುತ್ತ ಸುತ್ತಲೂ ತೂತು ಹಾಕಿದೆ. ಅರ್ಧ ಗಂಟೆಯ ಮೇಲೆ ಮುಚ್ಚಳ ಎದ್ದಿತು, ಎಣ್ಣೆ ಅಂಗಿಯ ಮೇಲೆ ಹಾರಿತು. ಒಳಗೆ ಐದು ಮೀನು, ನಮ್ಮ ಸಂಜೆಯ ಬಸ್ಸಿನಲ್ಲಿ ಮೂರು ಜನರ ಸೀಟಿಗೆ ಐದು ಜನ ಕೂತ ಹಾಗೆ, ಒಬ್ಬರ ತೊಡೆಗೆ ಒಬ್ಬರು ಒತ್ತಿಕೊಂಡು ಮಲಗಿದ್ದವು. ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ನಿಂಬೆಹಣ್ಣು ಹಿಂಡಿ, ಖಡಕ್ ರೊಟ್ಟಿ ಮುರಿದು ಅದರ ಮೇಲೆ ಒಂದು ಮೀನು ಇಟ್ಟು ಬಾಯಿಗೆ ಹಾಕಿಕೊಂಡೆ.

ಏನು ಹೇಳಲಿ! ನಾನು ಹುಟ್ಟಿದ್ದು ದಢೇಸುಗೂರಿನ ಕಡೆ, ಕಾಲುವೆಯ ದಂಡೆಯ ಮೇಲೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಂದ್ ಮಾಡಿದಾಗ ಅಲ್ಲಲ್ಲಿ ನಿಂತ ಮಡುವಿನಲ್ಲಿ ಮೀನು ಸಿಕ್ಕಿಕೊಳ್ಳುತ್ತಿದ್ದವು. ಅವ್ವನ ಹಳೆ ಸೀರೆಯ ಒಂದು ತುದಿ ನಾನು, ಇನ್ನೊಂದು ತುದಿ ಅಪ್ಪ ಹಿಡಿದು ಬಳಿಯುತ್ತಿದ್ದೆವು. ಅವತ್ತು ಓಣಿಗೆ ಓಣಿಯೇ ಮೀನು ವಾಸನೆ. ಯಾರೂ ಬಾಗಿಲು ಹಾಕಿಕೊಂಡು ತಿನ್ನುತ್ತಿರಲಿಲ್ಲ. ಆ ಮೀನಿಗೂ ಈ ಮೀನಿಗೂ ಸಂಬಂಧವಿಲ್ಲ, ಅದು ಸಿಹಿನೀರಿನದು, ಇದು ಉಪ್ಪುನೀರಿನದು. ಆದರೂ ಕಣ್ಣಲ್ಲಿ ನೀರು ಬಂತು. ಅರ್ಧ ಉಳ್ಳಾಗಡ್ಡಿಯ ಕಾರಣ, ಇನ್ನರ್ಧ ಅಲ್ಲ. ಮತ್ತೆ ಈ ಮೀನಿನ ಒಂದು ವಿಶೇಷವೆಂದರೆ ಮುಳ್ಳು ಮೆತ್ತಗೆ ಬೆಂದು ಯಾರಿಗೂ ಚುಚ್ಚದಂತೆ ಆಗಿರುತ್ತವೆ. ನನ್ನ ವಯಸ್ಸಿಗೆ, ನನ್ನ ಹಲ್ಲಿಗೆ, ನನ್ನ ಸರ್ವಿಸಿಗೆ ಹೇಳಿ ಮಾಡಿಸಿದಂಥ ಮೀನು.

ಸಿಂಧನೂರಿನ ದೊಡ್ಡ ಮಾರ್ಟ್ ಒಂದರಲ್ಲಿ ಇದೇ ಡಬ್ಬಿ ಸಿಗುತ್ತದೆಂದು ಗೊತ್ತಾಯಿತು. ವಾರಕ್ಕೊಮ್ಮೆ ಮಾತ್ರ ಬಸ್ಸು ಹತ್ತಿ ಊರಿಗೆ ಹೋದಾಗ ಚೀಲದಲ್ಲಿ ನಾಲ್ಕು ಹಾಕಿಕೊಂಡು ಬರುತ್ತಿದ್ದೆ. ಖಾಲಿ ಡಬ್ಬಿಗಳನ್ನು ಸೋಪು ಹಚ್ಚಿ ತೊಳೆದು, ಕಾಗದದಲ್ಲಿ ಸುತ್ತಿ, ಊರಿಗೆ ಹೋಗುವಾಗ ಮಸ್ಕಿ ಬಸ್ ನಿಲ್ದಾಣದ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಮಿರ್ಚಿ ತಿನ್ನಲು ಇಳಿಯುತ್ತಿದ್ದ ಜಾಗದಲ್ಲಿ ಪುರಾವೆ ನಾಶ ಮಾಡಲು ಇಳಿಯತೊಡಗಿದೆ. ಇಷ್ಟು ಕಷ್ಟಪಟ್ಟು ನಾನು ಯಾವ ಕಡತವನ್ನೂ ಕಾಪಾಡಿದವನಲ್ಲ.

ಮೂರನೆಯ ವಾರ ಒಂದು ಡಬ್ಬಿ ಚೀಲದಿಂದ ಜಾರಿ ಅಂಗಳದಲ್ಲಿ ಉರುಳುತ್ತ ಹೋಗಿ ನೀಲಮ್ಮನವರ ಕಾಲ ಬಳಿ ನಿಂತಿತು. ಅವತ್ತು ತಂದದ್ದು ಟೊಮ್ಯಾಟೊ ರಸದಲ್ಲಿ ಅದ್ದಿದ ಮೀನಿನ ದುಂಡು ಡಬ್ಬಿ. ಒಂದು ಮಗ್ಗುಲಿಗೆ ಮೀನಿನ ಚಿತ್ರ, ಇನ್ನೊಂದು ಮಗ್ಗುಲಿಗೆ ಕೆಂಪಗೆ ಎರಡು ಟೊಮ್ಯಾಟೊ. ಪುಣ್ಯಕ್ಕೆ ಟೊಮ್ಯಾಟೊ ಮೇಲಿತ್ತು.

"ಏನ್ರೀ ಇದು?" ಎಂದರು.

ಗಾಬರಿಯಲ್ಲಿ ನನ್ನ ಬಾಯಿಂದ ನಿಜವೇ ಬಂತು. "ಸಾರ್ಡಿನ್ ರೀ" ಎಂದೆ.

"ಸಾರಿಂದಾ? ಅಯ್ಯ ಶಿವನೇ, ಸಾರೂ ಡಬ್ಬ್ಯಾಗ ಬರಾಕತ್ತೈತಾ?"

ನಾನು ಸುಳ್ಳು ಹೇಳಲಿಲ್ಲ ಎಂದು ಇವತ್ತಿಗೂ ವಾದಿಸಬಲ್ಲೆ. ನಾನು ಹೇಳಿದ್ದು ಸಾರ್ಡಿನ್, ಅವರು ಕೇಳಿಸಿಕೊಂಡದ್ದು ಸಾರಿಂದು. ಆದರೆ ಆಮೇಲೆ "ಹೌದ್ರಿ, ಟೊಮ್ಯಾಟೊ ಸಾರು" ಎಂದು ಸಹಿ ಹಾಕಿದವನು ನಾನೇ.

"ಪಾಪ," ಎಂದು ಡಬ್ಬಿಯನ್ನು ನನ್ನ ಕೈಗಿಟ್ಟರು. ಮರುದಿನ ಸಂಜೆಯಿಂದ ಒಂದು ಸಣ್ಣ ಡಬರಿಯಲ್ಲಿ ಬಿಸಿ ಸಾರು ನನ್ನ ಬಾಗಿಲಿಗೆ ಬರತೊಡಗಿತು. ಒಂದು ದಿನ ಬೇಳೆ ಕಟ್ಟಿನ ಸಾರು, ಒಂದು ದಿನ ಹುರುಳಿ ಸಾರು. "ಡಬ್ಬಿ ಸಾರು ಕುಡದ್ರ ಮೈಗೆ ಹತ್ತಂಗಿಲ್ರಿ" ಎನ್ನುವರು. ನಾನು ತಲೆ ತಗ್ಗಿಸಿ ಡಬರಿ ಇಸಿದುಕೊಳ್ಳುವೆ. ಆ ಸಾರಿನ ರುಚಿ ಎಂಥದೆಂದರೆ, ಎರಡು ಗುಟುಕು ಕುಡಿಯುವಷ್ಟರಲ್ಲಿ ದಿನದ ದಣಿವೆಲ್ಲ ಇಳಿಯುವುದು. ಆಮೇಲೆ ಮಂಚದ ಕೆಳಗಿನ ಡಬ್ಬಿಗಳ ನೆನಪಾಗಿ ದುಪ್ಪಟ್ಟು ಏರುವುದು. ಏಳು ಮನೆಯಲ್ಲಿ ನನ್ನನ್ನು ಕುಳ್ಳಿರಿಸಿ ನೀರು ಕೊಟ್ಟವರು ಇವರೊಬ್ಬರೇ. ಇವರಿಗೇ ನಾನು ಮೋಸ ಮಾಡಬೇಕಾಯಿತಲ್ಲ ಎಂದು ನಾಚಿಕೆಯಾಗುತ್ತಿತ್ತು. ಮೀನು ಬಿಟ್ಟುಬಿಡೋಣವೆಂದರೆ, ನನ್ನ ಕೈಯಿಂದ ಒಂದೊಂದು ತುಂಡು ತಿಂದು ರುಚಿ ಕಂಡಿದ್ದ ಆ ಬಿಳಿ ಬೆಕ್ಕು ಆರು ಗಂಟೆಗೆ ಬಂದು ನನ್ನ ಹೊಸ್ತಿಲ ಮೇಲೆ ಕೂತು 'ಯಾಕೆ ತಡ?' ಎಂಬಂತೆ ನೋಡುತ್ತಿತ್ತು.

ಒಂದು ಭಾನುವಾರ ಸುಮಿತ್ರಾ ಲಿಂಗಸುಗೂರಿಗೆ ಬಂದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನೀಲಮ್ಮನವರು ಅಂಗಳದಲ್ಲಿ ಅವಳ ಕೈ ಹಿಡಿದುಕೊಂಡು, "ನೌಕರಿ ಮಾಡ್ತಿ ಖರೆ ಬೇ ಅವ್ವಾ, ಆದ್ರ ಗಂಡಗ ಡಬ್ಬಿ ಸಾರು ಕಟ್ಟಿ ಕಳಸಬ್ಯಾಡ. ಓಣ್ಯಾಗ ಎಲ್ರೂ ಮರಗಾಕತ್ತಾರ" ಎನ್ನುತ್ತಿದ್ದರು. ಸುಮಿತ್ರಾ ಒಳಗೆ ಬಂದು ಬಾಗಿಲು ಹಾಕಿ, ಮಂಚದ ಕೆಳಗೆ ಬಗ್ಗಿ ನೋಡಿ, ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸಿಟ್ಟಾದಳು. "ನಿಮ್ಮ ಮೀನಿನ ಸಂಬಂಧ ಇಡೀ ಓಣ್ಯಾಗ ನಾ ಸಾರು ಮಾಡಾಕ ಬರದಾಕಿ ಆದ್ನಲ್ರಿ!"

"ಖರೆ ಹೇಳಿದ್ರ ಮನಿ ಹೋಗತೈತಲೇ," ಎಂದೆ. "ಮತ್ತ ಅಳಿಯಂದಿರ ಮನಿ ಮನಿ ತಿರುಗಾಕ ನನಗ ಬೆನ್ನಿಲ್ಲ."

ಅವಳು ಒಂದು ಡಬ್ಬಿ ಎತ್ತಿ ಮಂಚದ ಮೇಲಿಟ್ಟಳು. "ನಮ್ಮಪ್ಪ ಒಂದು ಬಾಡಿಗಿ ಮನಿ ಸಂಬಂಧ ಎಷ್ಟು ಸುಳ್ಳು ಹೇಳಿದ್ದ, ನಿಮ್ಮಪ್ಪ ಎಷ್ಟು ಹೇಳಿದ್ದ. ಇಬ್ರೂ ನೌಕರಿ ಹಿಡದ ಮ್ಯಾಲೂ ನಾವು ಮೀನಿಗೆ ಸಾರು ಅನಕೋತ ಕುಂದ್ರಬೇಕಾ? ಸಾಕ್ರಿ. ಹೇಳಿಬಿಡ್ರಿ. ಬಿಡಿಸಿದ್ರ ಬಿಡಿಸ್ಲಿ." ಸಂಜೆ ಬಸ್ಸು ಹತ್ತುವಾಗಲೂ ಅದೇ ಮಾತು ಹೇಳಿ ಹೋದಳು.

ಸೋಮವಾರ ಆರು ಗಂಟೆಗೆ ಡಬರಿ ಬಂತು. ನಾನು ಇಸಿದುಕೊಳ್ಳಲಿಲ್ಲ. "ಅಮ್ಮಾರ, ಒಂದು ಮಾತೈತ್ರಿ. ಅದು ಸಾರಲ್ರಿ. ಮೀನು. ಬೇಯಿಸಿಲ್ಲ, ಆದ್ರ ತಿಂದೀನಿ. ಇಲ್ಲೇ, ಈ ಕೋಣ್ಯಾಗ." ಬೇಯಿಸುವುದಕ್ಕೂ ತೆರೆಯುವುದಕ್ಕೂ ಇರುವ ವ್ಯತ್ಯಾಸದ ಬಗ್ಗೆ ನಾನು ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿ ಅವರ ಮುಖ ನೋಡಿದ ಮೇಲೆ ಮರೆತುಹೋಯಿತು.

ನೀಲಮ್ಮನವರು ಡಬರಿಯನ್ನು ಕಟ್ಟೆಯ ಮೇಲಿಟ್ಟರು. ಅಂಗಡಿಯ ಕಡೆ ತಿರುಗಿ ಮಗ ಇದ್ದಾನೆಯೇ ಎಂದು ನೋಡಿದರು. ಆಮೇಲೆ ದನಿ ತಗ್ಗಿಸಿ ಬೈಯಲು ಶುರು ಮಾಡಿದರು.

"ಈಗ್ಯಾಕ ಹೇಳಿದ್ರಿ? ನಿಮಗ್ಯಾರು ಕೇಳಿದ್ರು? ನಮ್ಮ ಬೆಕ್ಕು ಎರಡು ತಿಂಗಳಾತು ಮನ್ಯಾಗಿನ ಹಾಲು ಮೂಸಿ ನೋಡವಲ್ದು. ನನಗ ಮೂಗಿಲ್ಲ ಅಂದ್ಕೊಂಡೀರಾ? ನೀವು ಸಾರು ಅಂದ್ರಿ, ನಾ ಸಾರು ಅಂದ್ಕೊಂಡೆ, ಮಗ ಕೇಳಿದ್ರ ಸಾರು ಅಂದೆ, ಓಣಿಯವ್ರಿಗೂ ಹಂಗ ಹೇಳೀನಿ. ಈಗ ನನ್ನ ಮುಂದ ನಿಂತು ಮೀನು ಅಂದ ಮ್ಯಾಲ ನಾ ಏನಾರ ಮಾಡಬೇಕಾಗತೈತಿ, ಹೌದಿಲ್ಲೋ?"

ಬಾಯಿಮಾತಿನಲ್ಲಿ ಸುಖವಾಗಿದ್ದ ವಿಷಯವನ್ನು ಕಡತಕ್ಕೆ ತಂದರೆ ಯಾರಾದರೂ ಕ್ರಮ ಕೈಗೊಳ್ಳಲೇಬೇಕಾಗುತ್ತದೆ ಎಂಬುದನ್ನು ನನ್ನ ಕೈಕೆಳಗೆ ಬಂದ ಪ್ರತಿಯೊಬ್ಬ ಹೊಸಬನಿಗೂ ಮೊದಲ ದಿನವೇ ಹೇಳಿಕೊಟ್ಟವನು ನಾನು.

ಅವರು ಸೆರಗಿನಿಂದ ಕಿವಿ ಒರೆಸಿಕೊಂಡರು. "ನನ್ನ ಕಿವಿ ಇತ್ತಿತ್ಲಾಗ ಬರೋಬ್ಬರಿ ಕೇಳಸವಲ್ವು. ಇನ್ನೊಮ್ಮೆ ಹೇಳ್ರಿ. ಏನದು?"

ಅಂಗಡಿಯಲ್ಲಿ ಮಗ ಯಾರಿಗೋ ಗೊಬ್ಬರದ ಚೀಲ ಎಣಿಸಿ ಕೊಡುತ್ತಿದ್ದ. ಹೊಸ್ತಿಲ ಮೇಲೆ ಬೆಕ್ಕು ಕೂತಿತ್ತು. ನನಗೆ ಸುಮಿತ್ರಾಳ ಮಾತು ನೆನಪಾಯಿತು, ಅಪ್ಪ ಸೀರೆಯ ತುದಿ ಹಿಡಿದು ನಿಂತದ್ದು ನೆನಪಾಯಿತು. ಬೆನ್ನು ನೋಯುತ್ತಿತ್ತು. ಏಳು ಮನೆಗಳ ಮೆಟ್ಟಿಲೂ ಕಣ್ಣ ಮುಂದೆ ಬಂದವು.

"ಸಾರ್ರಿ," ಎಂದೆ.

"ಟೊಮ್ಯಾಟೊದ್ದಾ?"

"ಹೌದ್ರಿ."

"ಹಂಗನ್ರಿ ಮತ್ತ," ಎಂದು ಡಬರಿ ಎತ್ತಿ ನನ್ನ ಕೈಗೆ ಕೊಟ್ಟರು. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು, "ಬೆಕ್ಕಿಗೂ ಒಂದೀಟು ಸಾರು ಹಾಕ್ರಿ ಸಾಹೇಬ್ರ. ಪಾಪ, ಕಾಯಾಕತ್ತೈತಿ" ಎಂದರು.

ನನಗೆ ನಗು ಬಂತು, ಅವರ ಕಾಲಿಗೆ ಬೀಳಬೇಕು ಅನ್ನಿಸಿತು, ಜೊತೆಗೆ ಎಲ್ಲಿಯದೋ ಒಂದು ಸಿಟ್ಟೂ ಬಂತು; ಆ ಸಿಟ್ಟು ಯಾರ ಮೇಲೆ ಎಂದು ಇನ್ನೂ ಗೊತ್ತಾಗಿಲ್ಲ. ರಾತ್ರಿ ಸುಮಿತ್ರಾ ಫೋನು ಮಾಡಿ "ಹೇಳಿದ್ರೇನು?" ಎಂದಳು. "ಹೇಳಿದೆ," ಎಂದೆ. "ಏನಂದ್ರು?" ಎಂದಳು. ಇಪ್ಪತ್ತೆಂಟು ವರ್ಷದಲ್ಲಿ ನಾನು ಎಷ್ಟೋ ಅರ್ಜಿಗಳ ಮೇಲೆ ಬರೆದ ವಾಕ್ಯವೇ ಬಾಯಿಗೆ ಬಂತು: "ತಿದ್ದುಪಡಿಗಾಗಿ ವಾಪಸ್ ಕೊಟ್ಟಾರ. ತಿದ್ದಿ ಕೊಟ್ಟೀನಿ."