ಸಾಂತೋಯಣ್ಣ ಕೋರ್ಟು ಗೆದ್ದ ದಿನ

ಜಗಳ ಹುಟ್ಟಿದ್ದು ಒಂದು ಕಸದ ಡಬ್ಬಿಯಿಂದ. ವಲೇಹೋ ಊರಿನ ಗುಡ್ಡದ ಬೀದಿಯಲ್ಲಿ ಲುದಿವಿನಾ ತನ್ನ ಡಬ್ಬಿಯ ಹಿಡಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಇಟ್ಟಿದ್ದಳು. ಹಿಡಿ ಮನೆಯ ಕಡೆಗಿರಬೇಕು. ಅಷ್ಟನ್ನು ಹೇಳಲು ಪಕ್ಕದ ಮನೆಯ ಕ್ರಿಸಾಂತೋ ಮಕಾರಾಯೆಗ್ ಬೆಳಿಗ್ಗೆ ಒಂಬತ್ತಕ್ಕೆ ಅವಳ ಕರೆಗಂಟೆ ಒತ್ತಿದ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ ಲುದಿವಿನಾ ಆಗತಾನೇ ಕಣ್ಣು ಮುಚ್ಚಿದ್ದಳು. ಎರಡು ತಿಂಗಳಲ್ಲಿ ಅವನು ಗಂಟೆ ಒತ್ತಿದ್ದು ಅದು ನಲವತ್ಮೂರನೆಯ ಸಲ. ಅವಳು ಡಬ್ಬಿ ತಿರುಗಿಸಲಿಲ್ಲ. ನೇರ ಕೋರ್ಟಿಗೆ ಹೋಗಿ, ಈ ಮನುಷ್ಯ ನನ್ನ ಹತ್ತಿರ ಸುಳಿಯದ ಹಾಗೆ ತಡೆಯಾಜ್ಞೆ ಕೊಡಿ ಎಂದು ಅರ್ಜಿ ಹಾಕಿದಳು.

ಕ್ರಿಸಾಂತೋ ಇಪ್ಪತ್ತೆರಡು ವರ್ಷ ನೌಕಾಪಡೆಯ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಫಿಲಿಪಿನೋ ವಲಸಿಗರ ಆ ಬೀದಿಗೆಲ್ಲ ಅವನು ಸಾಂತೋಯಣ್ಣ. ಹನ್ನೆರಡು ವರ್ಷದಿಂದ ಬೀದಿ ಸಂಘದ ಅಧ್ಯಕ್ಷ. ಬೇರೆ ಯಾರೂ ನಿಲ್ಲದ್ದರಿಂದ ಪ್ರತಿ ಸಲವೂ ಅವಿರೋಧ ಆಯ್ಕೆ. ಕೋರ್ಟಿನ ಕಾಗದ ಬಂದು ಮೂರು ವಾರವಾದರೂ ಅವನು ಉತ್ತರ ಬರೆದಿರಲಿಲ್ಲ.

“ಇವತ್ತು ಮಧ್ಯಾಹ್ನ ವಿಚಾರಣೆ. ಈಗಲಾದ್ರೂ ಬರೀತೀರೋ ಇಲ್ವೋ?” ಎಂದಳು ಹೆಂಡತಿ ರೆಮೆದಿಯೋಸ್.

“ಅಡ್ಮಿರಲ್‌ಗೆ ಸೂಪು ಬಡಿಸಿದ ಕೈ ಕಣೇ ಇದು. ಕಸದ ಡಬ್ಬಿ ವಿಷಯಕ್ಕೆಲ್ಲ ಉತ್ತರ ಬರೆಯುತ್ತಾ?”

“ಸೋತ್ರೆ ಅಧ್ಯಕ್ಷರ ಹೆಸರು ಪೊಲೀಸರ ಕಂಪ್ಯೂಟರ್ ಒಳಗೆ ಹೋಗುತ್ತೆ. ಆಮೇಲೆ ಅಲ್ಲಿ ಬಡಿಸಿ ಸೂಪು.”

ಸಾಂತೋಯಣ್ಣ ಕುರ್ಚಿ ಬಿಟ್ಟೆದ್ದ. ಒಂದು ಕ್ಷಣವೂ ತಡಮಾಡದೆ ಸಮವಸ್ತ್ರದ ಪದಕಗಳನ್ನು ಕೋಟಿಗೆ ಸಿಕ್ಕಿಸಿಕೊಂಡ. ಬೀದಿಯಲ್ಲಿ ಕಣ್ಣಿಗೆ ಬಿದ್ದ ಮೂವರನ್ನು ಸಾಕ್ಷಿ ಹೇಳಲು ವ್ಯಾನಿಗೆ ತುಂಬಿಕೊಂಡ: ಕ್ಷೌರದಂಗಡಿಯ ನೆನಿತಾ, ಹಿಂದೆ ಬಸ್ಸು ಓಡಿಸುತ್ತಿದ್ದ ದೊಮೆಂಗ್, ಬ್ರೆಡ್ಡು ಸುಡುವ ಫ್ಲೋರಾ. ಫ್ಲೋರಾಳ ಕೈಯಲ್ಲಿ ಇನ್ನೂ ಹಿಟ್ಟಿತ್ತು.

ಕೋರ್ಟಿನಲ್ಲಿ, ವಕೀಲರಿಲ್ಲದವರಿಗೆ ನೆರವಾಗುವ ಗುಮಾಸ್ತೆ ಫಾರಂ ಕೊಟ್ಟಳು. ‘ನಿಮ್ಮ ಉತ್ತರ ಬರೆಯಿರಿ’ ಎಂದಿದ್ದ ಜಾಗದಲ್ಲಿ ಸಾಂತೋಯಣ್ಣ ಹಡಗು ಹತ್ತಿದ ದಿನದಿಂದ ಶುರುಮಾಡಿದ. ಒಂಬತ್ತು ಪುಟವಾದರೂ ಹಡಗು ದಡ ಸೇರಲಿಲ್ಲ.

“ಸರ್, ಅವರು ಹೇಳಿದ್ದು ನಿಜಾನಾ ಸುಳ್ಳಾ, ಅಷ್ಟು ಬರೀರಿ ಸಾಕು,” ಎಂದಳು ಗುಮಾಸ್ತೆ. “ಇದರ ಒಂದು ಪ್ರತಿ ಅವರಿಗೆ ತಲುಪಬೇಕು. ನೀವು ಕೊಡೋ ಹಾಗಿಲ್ಲ, ಬೇರೆಯವರು ಕೊಡಬೇಕು.”

“ನಾನು ಕೊಡ್ತೀನಿ,” ಎಂದ ದೊಮೆಂಗ್.

“ನೀನು ಹೋದ ತಿಂಗಳು ನನ್ನ ಕಾಗದಾನೇ ಕಳೆದವನು,” ಎಂದಳು ನೆನಿತಾ.

ಇಬ್ಬರೂ ಎಳೆದಾಡುವಷ್ಟರಲ್ಲಿ ಮೊಗಸಾಲೆಯ ಆ ತುದಿಯಲ್ಲಿ ಲುದಿವಿನಾ ಕಾಣಿಸಿದಳು. ಸಾಂತೋಯಣ್ಣನ ಸಿಟ್ಟು ಹಾಲಿನ ಹಾಗೆ ಉಕ್ಕಿತು. ಕಾಗದ ಕಿತ್ತುಕೊಂಡು ಅವಳತ್ತ ದಾಪುಗಾಲು ಹಾಕಿದ.

“ನೋಡಿ! ಇಲ್ಲಿಗೂ ಬಂದ್ರು!” ಎಂದು ಲುದಿವಿನಾ ಕಿರುಚಿದಳು. ಕಾವಲಿನ ಪೊಲೀಸು ಓಡಿಬಂದ. ಒಂಬತ್ತು ಪುಟಗಳು ಬಾತುಕೋಳಿಗಳಂತೆ ನೆಲದ ತುಂಬ ಹರಡಿದವು. ದೊಮೆಂಗ್ ಮಂಡಿಯೂರಿ ಒಂದೊಂದಾಗಿ ಹೆಕ್ಕಿ, ಅವಳ ಕೈಗಿಟ್ಟು, “ತಗೊಳಮ್ಮ, ಕಾನೂನು ಪ್ರಕಾರ ಕೊಟ್ಟಿದೀನಿ,” ಎಂದು ಬೆವರೊರೆಸಿಕೊಂಡ.

ಒಂದೂವರೆಗೆ ನ್ಯಾಯಾಧೀಶೆ ಬಂದು ಕೂತರು. ಲುದಿವಿನಾ ದಿನಾಂಕಗಳನ್ನು ಓದಿದಳು. ನಲವತ್ಮೂರು ಸಲ ಕರೆಗಂಟೆ; ಅದರಲ್ಲಿ ಹನ್ನೊಂದು ಸಲ ಡಬ್ಬಿಯ ತಕರಾರು, ಏಳು ಸಲ ಅವಳು ನಿಂಬೆಗಿಡ ಕತ್ತರಿಸುವ ಬಗೆಗೆ ಪಾಠ. ಕೊನೆಗೆ ಪಟ್ಟಿ ಮಡಚಿದಳು. “ನಂಗೆ ನಿದ್ದೆ ಬೇಕು ತಾಯಿ, ಬೇರೇನೂ ಬೇಡ.”

“ನೀವೇನು ಹೇಳ್ತೀರಿ?” ಎಂದರು ನ್ಯಾಯಾಧೀಶೆ.

ಸಾಂತೋಯಣ್ಣ ಎದ್ದುನಿಂತ. ಪದಕಗಳು ಘಲ್ಲೆಂದವು. “ಪೀಡಿಸೋದಾ? ನಾನಾ? ಅಮ್ಮಾ, ಈಕೆಗೆ ಒಬ್ಬಳಿಗೇ ಮಾಡಿದ್ರೆ ಪೀಡೆ. ನಾನು ಇಡೀ ಬೀದಿಗೆ ಮಾಡ್ತೀನಿ! ಬೇಕಾದ್ರೆ ಇವರನ್ನೇ ಕೇಳಿ!”

ನೆನಿತಾ ಸಂಕೋಚದಿಂದ ಎದ್ದಳು. “ಹೌದಮ್ಮ. ಆರು ಗಂಟೆಗೇ ಬರ್ತಾರೆ. ದಿನಾ. ನಾನು ಹೇಗೆ ಕೂದಲು ಕತ್ತರಿಸಬೇಕು ಅಂತ ಗಿರಾಕಿ ಎದುರಿಗೇ ಹೇಳ್ಕೊಡ್ತಾರೆ.”

“ನನ್ನ ಕಾರು ನಾನು ನಿಲ್ಸಿದ ಕಡೆ ಒಂದು ದಿನಾನೂ ಸರಿಯಿಲ್ಲ ಇವರಿಗೆ,” ಎಂದ ದೊಮೆಂಗ್.

“ನನ್ನ ಹಿಟ್ಟಿಗೆ ಬೆರಳು ಹಾಕಿ ನೋಡ್ತಾರೆ,” ಎಂದಳು ಫ್ಲೋರಾ.

“ಕೇಳಿದ್ರಾ?” ಎಂದ ಸಾಂತೋಯಣ್ಣ ಹೆಮ್ಮೆಯಿಂದ.

ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟರು. “ಒಬ್ಬರನ್ನು ಗುರಿ ಮಾಡಿಕೊಂಡು ಕಾಟ ಕೊಟ್ಟಿದ್ದರೆ ಆಜ್ಞೆ ಕೊಡಬಹುದು. ಈಕೆಯೇ ಗುರಿ ಎಂದು ಇಲ್ಲಿ ಕಾಣುವುದಿಲ್ಲ. ಅರ್ಜಿ ವಜಾ. ಬೇರೆ ಯಾರಿಗಾದರೂ ತೊಂದರೆಯಿದ್ದರೆ ಅವರವರದು ಅವರವರೇ ಬರೆದುಕೊಡಬೇಕು.”

ಸಾಂತೋಯಣ್ಣ ಹೊರಗೋಡಿ ಹೆಂಡತಿಗೆ ಫೋನು ಮಾಡಿದ. “ಗೆದ್ದೆ ಕಣೇ! ಹಂದಿಮಾಂಸ ಬೇಯಿಸು! ಇಡೀ ಬೀದಿ ನನ್ನ ಪರ ನಿಂತಿತು!”

ತಿರುಗಿ ಬಂದಾಗ ಗುಮಾಸ್ತೆಯ ಕಿಟಕಿಯ ಬಳಿ ಮೂವರೂ ತಲೆತಗ್ಗಿಸಿ ಬರೆಯುತ್ತಿದ್ದರು. ಪಕ್ಕದಲ್ಲಿ ಲುದಿವಿನಾ ನಿಂತು ಬೆರಳಿಟ್ಟು ಏನೋ ತೋರಿಸುತ್ತಿದ್ದಳು. ರಾಜಿಯಾದರು ಎಂದು ಸಾಂತೋಯಣ್ಣನ ಕಣ್ಣು ಒದ್ದೆಯಾಯಿತು. ತನಗೆ ಪ್ರಶಂಸಾಪತ್ರ ಬರೆಯುತ್ತಿರಬೇಕು!

“ಇದೆಲ್ಲ ಯಾಕ್ರೋ?” ಎಂದ.

“ಏನಿಲ್ಲ ಅಣ್ಣ.” ನೆನಿತಾ ಮೊಣಕೈಯಿಂದ ಕಾಗದ ಮುಚ್ಚಿದಳು.

“ಬೆಳಗಿಂದ ಫಾರಂ ತುಂಬಿ ಪಳಗಿದೀನಿ, ಕೊಡಿಲ್ಲಿ.” ಕಾಗದ ಎಳೆದುಕೊಂಡ. “ತಿಂಗಳು ಮೊದಲು, ತಾರೀಖು ಆಮೇಲೆ. ಒಂದೇ ಸಾಲಿಗೆ ಮುಗಿಸಿದೀಯಲ್ಲ? ಎಲ್ಲಿ, ಯಾವಾಗ, ಎಷ್ಟು ಸಲ, ಎಲ್ಲ ಬೇಕು. ಇಲ್ಲಾಂದ್ರೆ ವಜಾ ಮಾಡ್ತಾರೆ.”

“ಸಾಕ್ಷಿ ಯಾರನ್ನ ಹಾಕ್ಲಿ ಅಣ್ಣ?” ಎಂದ ದೊಮೆಂಗ್ ಮೆಲ್ಲಗೆ.

“ಒಬ್ಬರಿಗೊಬ್ಬರು ಹಾಕ್ಕೊಳ್ರೋ, ಅಷ್ಟೂ ಗೊತ್ತಾಗಲ್ವಾ?”

ಆಗ ಅವನ ಕಣ್ಣು ಮೇಲಿನ ಸಾಲಿಗೆ ಹೋಯಿತು: ‘ಯಾರಿಂದ ರಕ್ಷಣೆ ಬೇಕು?’

“ಬೇಜಾರು ಮಾಡ್ಕೋಬೇಡಿ ಅಣ್ಣ,” ಎಂದಳು ನೆನಿತಾ. “ಹನ್ನೆರಡು ವರ್ಷ ಆಯ್ತು. ಇಂಥದೊಂದು ಕಾಗದ ಇದೆ ಅಂತ ಇವತ್ತೇ ಗೊತ್ತಾಗಿದ್ದು.”

ಸಾಂತೋಯಣ್ಣ ಕಾಗದವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಕೋಟು ಎಳೆದುಕೊಂಡು, ಹಡಗಿನ ಮೇಲೆ ನಿಂತವನಂತೆ ಬೆನ್ನು ನೆಟ್ಟಗೆ ಮಾಡಿದ.

“ಇದೇನೇ ಬರ್ದಿದೀಯ? ನನ್ನ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಕೊನೆಗೆ ‘ಎ’ ಆದ್ಮೇಲೆ ‘ಇ’ ಬರ್ಬೇಕು. ಹೀಗೆ ಬರೆದ್ರೆ ಇದು ಯಾರೋ ಬೇರೆಯವನು ಅಂತಾರೆ.”

ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ದಪ್ಪ ಅಕ್ಷರದಲ್ಲಿ ತನ್ನ ಪೂರ್ತಿ ಹೆಸರು ಬರೆದ. ಆಮೇಲೆ ಉಳಿದ ಇಬ್ಬರ ಫಾರಂಗಳಿಗೂ ಕೈ ಚಾಚಿದ.